ಮುದುಕಿ ಪಾತ್ರೆ ಇಳಿಸುವುದೇಕೆ

ಮಧ್ಯಾಹ್ನದ ಊಟ ಮುಗಿಸಿ ಡಬ್ಬಿ ತೊಳೆಯುತ್ತಿದ್ದೆ. ಅಟೆಂಡರ್ ಬಂದು, ಮುಖ್ಯ ಮೌಲ್ಯಮಾಪಕರು ಕರೆಯುತ್ತಿದ್ದಾರೆ, ತಿದ್ದುತ್ತಿರುವ ಉತ್ತರಪತ್ರಿಕೆಯ ಕಟ್ಟನ್ನು ಹಾಗೇ ಬಿಟ್ಟು ಬರಬೇಕಂತೆ ಎಂದ. ಪತ್ರಿಕೆ ತಿದ್ದುವ ಆ ಕೇಂದ್ರ ಬಂಗಾರಪೇಟೆಯ ಒಂದು ಕಾಲೇಜಿನಲ್ಲಿತ್ತು, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಒಳಗೆ ಹೋದ ಮೇಲೆ ಮಾತ್ರ ಮನೆ ಬಹಳ ದೂರ. ಮೊಬೈಲನ್ನು ಬಾಗಿಲಲ್ಲೇ ಕೊಡಬೇಕು, ಗ್ರಿಲ್ಲಿಗೆ ಬೀಗ ಹಾಕುತ್ತಾರೆ, ಸಂಜೆ ಎಣಿಕೆ ಸರಿಹೋಗುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ಬೇಸಿಗೆಯಲ್ಲಿ ಫ್ಯಾನು ಜೋರಾಗಿ ಹಾಕಿದರೆ ಪತ್ರಿಕೆ ಹಾರುತ್ತದೆ, ನಿಲ್ಲಿಸಿದರೆ ಬೆವರು ಪತ್ರಿಕೆಯ ಮೇಲೆ ಬೀಳುತ್ತದೆ.

ನಾನು ಕೆಜಿಎಫ್‌ನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ವರ್ಷಕ್ಕೊಮ್ಮೆ ಬಾಗಿಲ ಹೊರಗೆ ನಿಂತು, ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವವಳು. ನನ್ನ ಹುಡುಗಿಯರ ಪತ್ರಿಕೆ ನನ್ನ ಕೈಗೆ ಬರುವುದಿಲ್ಲ, ಬರಲೂಬಾರದು. ಎಲ್ಲದಕ್ಕೂ ಗುಪ್ತ ಸಂಖ್ಯೆ ಇರುತ್ತದೆ. ಆದ್ದರಿಂದ ಮುಖ್ಯರ ಕೋಣೆಗೆ ಹೋದಾಗ ಅವರು ಮೇಜಿನ ಮೇಲಿದ್ದ ಒಂದು ಕಟ್ಟನ್ನು ತೋರಿಸಿ, ಇದರ ಸಂಖ್ಯೆ ಒಡೆಸಬೇಕಾಯಿತು, ಇವು ನಿಮ್ಮ ಕಾಲೇಜಿನವು ಎಂದಾಗ ನಾನು ಅದನ್ನು ಮುಟ್ಟದೆ ಒಂದು ಹೆಜ್ಜೆ ಹಿಂದೆ ಸರಿದೆ.

ಅವರು ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು. ಅಂಕ ಕೊಡುವುದರಲ್ಲಿ ಜಿಪುಣರಲ್ಲ, ಹಾಗೆಂದು ಧಾರಾಳಿಯೂ ಅಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ಆದರೂ ಅಂಥವರ ಮೇಲೆ ಸಿಟ್ಟು ಮಾಡುವುದು ಕಷ್ಟ. ಪದ್ಯಭಾಗದ ಹತ್ತು ಅಂಕದ ಪ್ರಶ್ನೆಗೆ ಅರ್ಧದಷ್ಟು ಹುಡುಗಿಯರು ಒಂದೇ ಉತ್ತರ ಬರೆದಿದ್ದಾರೆ, ಆ ಉತ್ತರ ಮಾದರಿ ಉತ್ತರದಲ್ಲಿಲ್ಲ, ಪದ್ಯದಲ್ಲೂ ಇಲ್ಲ ಎಂದು ಅವರು ನಿಧಾನವಾಗಿ ವಿವರಿಸಿದರು. ಪುಸ್ತಕದಲ್ಲಿರುವುದನ್ನು ಹತ್ತು ಜನ ಒಂದೇ ಥರ ಬರೆದರೆ ಅದು ಬಾಯಿಪಾಠ. ಎಲ್ಲಿಯೂ ಇಲ್ಲದ್ದನ್ನು ಅಷ್ಟು ಜನ ಒಂದೇ ಥರ ಬರೆದರೆ ಅದನ್ನು ಪರೀಕ್ಷಾ ಕೊಠಡಿಯಲ್ಲಿ ಯಾರೋ ಹೇಳಿಕೊಟ್ಟಿರಬೇಕು. ಸಾಮೂಹಿಕ ನಕಲು ಎಂದು ವರದಿ ಹೋದರೆ ಅವರೆಲ್ಲರ ಒಂದು ವರ್ಷ ಹೋಯಿತು. ಡಿಗ್ರಿಯ ಕೊನೆಯ ವರ್ಷ ಅದು. ಮುಖ್ಯರ ತರ್ಕದಲ್ಲಿ ತಪ್ಪು ಹುಡುಕಲು ನೋಡಿದೆ. ಒಂದೂ ಸಿಗಲಿಲ್ಲ.

ಪದ್ಯದ ವಿಷಯ ಸರಳ. ಒಬ್ಬಳು ಮುದುಕಿ ಸಂಜೆಯಾದರೆ ಗೋಡೆಯ ಹಲಗೆಯ ಮೇಲಿನ ಪಾತ್ರೆಗಳನ್ನು ಒಂದೊಂದಾಗಿ ನೆಲಕ್ಕೆ ಇಳಿಸುತ್ತಾಳೆ. ಗಂಡನ ಹೆಸರು ಕೊರೆದ ಚೆಂಬು, ತವರಿನ ಹಂಡೆ, ಕೊನೆಗೆ ಮೊಮ್ಮಗುವಿನ ಪುಟ್ಟ ಲೋಟ. ಬರಿದಾದ ಹಲಗೆಯನ್ನು ಸೆರಗಿನಿಂದ ಒರೆಸುತ್ತಾಳೆ. ಬೆಳಗ್ಗೆ ಎಲ್ಲವನ್ನೂ ಮತ್ತೆ ಏರಿಸುತ್ತಾಳೆ. ಮತ್ತೆ ಸಂಜೆ, ಮತ್ತೆ ಇಳಿಸುತ್ತಾಳೆ, ಇಳಿಸಿ ತನ್ನಷ್ಟಕ್ಕೆ ನಗುತ್ತಾಳೆ. ಅಷ್ಟೇ. ಕಾರಣವನ್ನು ಕವಿ ಎಲ್ಲಿಯೂ ಹೇಳುವುದಿಲ್ಲ. ಮಾದರಿ ಉತ್ತರದ ಪ್ರಕಾರ ಇದರ ಆಶಯ ವೈರಾಗ್ಯ. ಪಾತ್ರೆಗಳೆಂದರೆ ಮೋಹಗಳು, ಸಂಜೆಯೆಂದರೆ ಮುಪ್ಪು, ಇಳಿಸುವುದೆಂದರೆ ಬಿಡುವುದು. ತರಗತಿಯಲ್ಲಿ ನಾನೂ ಅದನ್ನೇ ಹೇಳಿದ್ದೆ, ಕರಿಹಲಗೆಯ ಮೇಲೆ ಬರೆದೂ ತೋರಿಸಿದ್ದೆ. ಹುಡುಗಿಯರು ತಲೆ ಎತ್ತದೆ ಬರೆದುಕೊಂಡಿದ್ದರು.

ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಹೀಗಿತ್ತು: ಮುದುಕಿ ಪಾತ್ರೆಗಳನ್ನು ಇಳಿಸುವುದರ ಹಿಂದಿನ ಆಶಯವನ್ನು ನಿಮ್ಮ ಮಾತಿನಲ್ಲಿ ವಿವರಿಸಿ. ಅದಕ್ಕೆ ಇವರು ಬರೆದದ್ದು: ಮುದುಕಿಗೆ ಭಯ. ರಾತ್ರಿ ನೆಲ ನಡುಗಿದರೆ ಪಾತ್ರೆಗಳು ಮಲಗಿದವರ ಮೇಲೆ ಬೀಳುತ್ತವೆ. ಅದಕ್ಕೇ ಇಳಿಸುತ್ತಾಳೆ.

ಮೊದಲ ಉತ್ತರ ಓದಿದಾಗ ನನಗೂ ನಗು ಬಂತು. ಐದನೆಯದಕ್ಕೆ ಬರುವಷ್ಟರಲ್ಲಿ ನಗು ನಿಂತಿತು. ಪದ್ಯದಲ್ಲಿ ನೆಲ ನಡುಗುವ ಮಾತಿಲ್ಲ, ಮಲಗಿದವರೂ ಇಲ್ಲ.

ಮರುದಿನ ನಮ್ಮ ಪ್ರಾಂಶುಪಾಲರು ಕೆಜಿಎಫ್‌ನಿಂದ ಬಂದರು. ಮುಖ್ಯರ ಜೊತೆ ಮಾತಾಡಿ, ಕಾರಿಡಾರಿನ ತುದಿಗೆ ನನ್ನನ್ನು ಕರೆದು, ದಾರಿಯೊಂದು ಸಿಕ್ಕಿದೆ ಎಂದರು. ಈ ಅರ್ಥವನ್ನು ತರಗತಿಯಲ್ಲಿ ಹೇಳಿಕೊಟ್ಟವಳು ನಾನೇ ಎಂದು ಬರೆದುಕೊಟ್ಟರೆ ನಕಲಿನ ಮಾತೇ ಬರುವುದಿಲ್ಲ. ಪಾಠದಲ್ಲೇ ತಪ್ಪಾಗಿದ್ದರೆ ಹುಡುಗಿಯರದೇನು ತಪ್ಪು? ಆ ಪ್ರಶ್ನೆಗೆ ಎಲ್ಲರಿಗೂ ಸರಾಸರಿ ಅಂಕ ಸಿಗುತ್ತದೆ, ಎಲ್ಲರೂ ಪಾಸು.

"ಒಂದು ಸಹಿ ಹಾಕ್ಬಿಡಿ ಮೇಡಂ. ತಲೆನೋವು ಮುಗೀತು," ಎಂದರು.

ನನ್ನ ಕೆಲಸದ ಗತಿ ಏನು ಎಂದು ಕೇಳಿದೆ. ಅವರು ಕಾರಿಡಾರಿನ ಆ ಕಡೆ ನೋಡಿದರು. ಅಲ್ಲಿಗೆ ಅದೂ ಗೊತ್ತಾಯಿತು. ವಿಚಾರಣೆ ಮುಗಿಯುವವರೆಗೆ ಹುಡುಗಿಯರ ಜೊತೆ ಮಾತಾಡಬಾರದೆಂದೂ ಹೇಳಿ ಹೋದರು.

ಆ ದಿನಗಳು ಅಡಕತ್ತರಿಯ ನಡುವೆ ಸಿಕ್ಕಿಕೊಂಡ ದಿನಗಳು. ಸಂಜೆ ಮೊಬೈಲು ಕೈಗೆ ಬಂದ ಕೂಡಲೇ ಅದು ಬಡಿದುಕೊಳ್ಳಲು ಶುರು. ಸುದ್ದಿ ಹೇಗೋ ಕೆಜಿಎಫ್ ಮುಟ್ಟಿತ್ತು. ತೆರೆಯ ಮೇಲೆ ಹುಡುಗಿಯರ ಹೆಸರು ಬರುತ್ತದೆ, ಹೊಡೆದುಕೊಂಡು ನಿಲ್ಲುತ್ತದೆ, ಮತ್ತೊಂದು ಹೆಸರು ಬರುತ್ತದೆ. ಎತ್ತಿದರೆ, ವಿಚಾರಣೆಗೆ ಉತ್ತರ ಹೇಳಿಕೊಟ್ಟಳು ಎಂದಾಗುತ್ತದೆ. ಎತ್ತದಿದ್ದರೆ, ಮಿಸ್ ಕೈಬಿಟ್ಟರು ಎಂದಾಗುತ್ತದೆ. ಮೊಬೈಲನ್ನು ಅಕ್ಕಿಡಬ್ಬದ ಹಿಂದೆ ಇಟ್ಟು ಅಡುಗೆ ಮಾಡಿದೆ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮನೆಯವರು ಮಜ್ಜಿಗೆ ಸುರಿದುಕೊಂಡು ಉಂಡರು. ಅವರಿಗೂ ನನ್ನ ಕೋಪ ಗೊತ್ತು.

ಸಹಿ ಹಾಕಿಬಿಡೋಣ ಎಂದು ಬಹುತೇಕ ತೀರ್ಮಾನಿಸಿದ್ದೆ. ಆದರೆ ಅದಕ್ಕೆ ಮೊದಲು ಆ ಉತ್ತರಗಳನ್ನು ಒಂದು ಸಲ ಪೂರ್ತಿ ಓದಬೇಕು ಅನ್ನಿಸಿತು. ಮುಖ್ಯರನ್ನು ಕೇಳಿದೆ. ಅವರ ಕೋಣೆಯಲ್ಲಿ, ಅವರ ಕಣ್ಣೆದುರು ಕೂತು ಓದಬಹುದು, ಏನನ್ನೂ ಹೊರಗೆ ಒಯ್ಯಬಾರದು ಎಂದರು. ಆ ಕೋಣೆಗೆ ಇದ್ದದ್ದು ಒಂದು ಕಿಟಕಿ, ಅದಕ್ಕೆ ಅಡ್ಡಲಾಗಿ ಬೀರು.

ಪದ್ಯದ ಆಶಯ ಹುಡುಕುವುದಕ್ಕೆ ನಾನು ತರಗತಿಯಲ್ಲಿ ಹೇಳಿಕೊಡುವ ಒಂದು ಕ್ರಮವಿದೆ. ಮೊದಲು ಪದ್ಯದಲ್ಲಿ ಯಾರು ಏನು ಮಾಡುತ್ತಾರೆ ಎಂದು ಬರೆಯಬೇಕು, ಅರ್ಥ ಹೇಳಬಾರದು. ಆಮೇಲೆ ಯಾವ ಕೆಲಸ ಮರುಕಳಿಸುತ್ತದೆ, ಎಲ್ಲಿ ತಿರುವು ಬರುತ್ತದೆ ಎಂದು ಗುರುತು ಮಾಡಬೇಕು. ನಂತರ ಆಶಯವನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಕೊನೆಗೆ ಆ ವಾಕ್ಯಕ್ಕೆ ಒಗ್ಗದ ಸಾಲು ಪದ್ಯದಲ್ಲಿದೆಯೇ ಎಂದು ಹುಡುಕಬೇಕು. ಇದ್ದರೆ ಆ ಸಾಲಿಗೆ ಉತ್ತರ ಕೊಡಬೇಕು, ಅದನ್ನು ನೋಡದವರ ಹಾಗೆ ದಾಟಬಾರದು. ಈ ಕೊನೆಯ ಕೆಲಸವನ್ನು ಯಾರೂ ಮಾಡುವುದಿಲ್ಲ. ಮಾದರಿ ಉತ್ತರ ತಯಾರಿಸುವವರೂ ಮಾಡುವುದಿಲ್ಲ.

ಇವರು ಮಾಡಿದ್ದರು. ಒಬ್ಬಳು, ವೈರಾಗ್ಯವಾಗಿದ್ದರೆ ಬೆಳಗ್ಗೆ ಪಾತ್ರೆಗಳನ್ನು ಮತ್ತೆ ಯಾಕೆ ಏರಿಸುತ್ತಾಳೆ, ಬಿಟ್ಟವರು ಮತ್ತೆ ಎತ್ತಿಕೊಳ್ಳುವುದಿಲ್ಲ ಎಂದು ಬರೆದಿದ್ದಳು. ಇನ್ನೊಬ್ಬಳು ಆ ಸಾಲನ್ನು ಬಿಟ್ಟು, ಮೊಮ್ಮಗುವಿನ ಲೋಟವನ್ನೂ ಬಿಡದೆ ಇಳಿಸುತ್ತಾಳೆ, ಪುಟ್ಟದಾದರೂ ಮೇಲಿನಿಂದ ಬಿದ್ದರೆ ಪೆಟ್ಟಾಗುತ್ತದೆ ಎಂದಿದ್ದಳು. ಮತ್ತೊಬ್ಬಳು ಚೆಂಬಿನ ಬಗ್ಗೆಯೇ ಒಂದು ಪುಟ ಬರೆದಿದ್ದಳು. ನಕಲು ಹೊಡೆದರೆ ಉದಾಹರಣೆಗಳೂ ಒಂದೇ ಆಗುತ್ತವೆ, ತಪ್ಪುಗಳೂ ಒಂದೇ ಕಡೆ ಬರುತ್ತವೆ. ಇಲ್ಲಿ ತೀರ್ಮಾನ ಮಾತ್ರ ಒಂದೇ. ಅಲ್ಲಿಗೆ ಹೋದ ದಾರಿ ಒಬ್ಬೊಬ್ಬರದು ಒಂದೊಂದು.

ಇದನ್ನು ಹೇಳಿದೆ. ದಾರಿ ಬೇರೆಯಾದರೂ ಊರಿನ ಹೆಸರನ್ನು ಯಾರೋ ಮೊದಲೇ ಹೇಳಿರಬಹುದಲ್ಲಮ್ಮ ಎಂದರು ಮುಖ್ಯರು. ಅದೂ ಸರಿಯೇ.

ಆಗ ಕೊಠಡಿಯ ಆಸನದ ಪಟ್ಟಿ ಕೇಳಿದೆ. ಯಾವ ಬೆಂಚಿನಲ್ಲಿ ಯಾರು ಕೂತಿದ್ದರು ಎಂದು ನೋಡಿದರೆ ಭಯ ಎಂದು ಬರೆದವಳ ಪಕ್ಕದಲ್ಲೇ ವೈರಾಗ್ಯ ಎಂದು ಬರೆದವಳು. ಮುಂದೆ ಭಯ, ಹಿಂದೆ ವೈರಾಗ್ಯ. ಕೊಠಡಿಯಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೆ ಹೀಗೆ ಒಂದು ಬೆಂಚು ಬಿಟ್ಟು ಒಂದು ಬೆಂಚಿಗೆ ಕೇಳಿಸಲು ಸಾಧ್ಯವಿಲ್ಲ. ಯಾವ ಹುಡುಗಿ ಎಲ್ಲಿಂದ ಬರುತ್ತಾಳೆ ಎಂಬುದು, ತಡವಾದಾಗ ಅವರು ಹೇಳುವ ನೆಪಗಳಿಂದಲೇ ನನಗೆ ಗೊತ್ತು. ವೈರಾಗ್ಯ ಬರೆದವರೆಲ್ಲ ಬಸ್ಸು ತಪ್ಪಿತು ಎನ್ನುವವರು, ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳವರು. ಭಯ ಬರೆದವರು ನೀರು ಬಂದಿತ್ತು, ಹಿಡಿದಿಟ್ಟು ಬಂದೆ ಎನ್ನುವವರು. ಕೋರಮಂಡಲ್, ಮೈಸೂರು ಮೈನ್ಸ್ ಕಡೆಯವರು, ಹಳೆಯ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಗಳವರು.

ಏನೋ ಇದೆ ಎಂದು ಮಾತ್ರ ತಿಳಿಯಿತು. ಏನೆಂದು ತಿಳಿಯಲಿಲ್ಲ. ಗಣಿ ನಡೆಯುತ್ತಿದ್ದಾಗ ಕೆಳಗೆ ಬಂಡೆ ಸಿಡಿದು ಮೇಲೆ ಮನೆಗಳು ಅದುರುತ್ತಿದ್ದವು ಎಂದು ಬಂಗಾರಪೇಟೆಯಲ್ಲಿ ಬೆಳೆದ ನಾನೂ ಕೇಳಿದ್ದೇನೆ. ಆದರೆ ಈ ಹುಡುಗಿಯರು ಗಣಿ ಮುಚ್ಚಿದ ಮೇಲೆ ಹುಟ್ಟಿದವರು. ಅವರಿಗೂ ಆ ನಡುಕಕ್ಕೂ ಏನು ಸಂಬಂಧ? ಕೇಳೋಣವೆಂದರೆ ಬಾಯಿಗೆ ಬೀಗ.

ಆ ಸಂಜೆ ಸಹಿ ಹಾಕುವುದಿಲ್ಲ ಎಂದು ಪ್ರಾಂಶುಪಾಲರಿಗೆ ಫೋನಿನಲ್ಲಿ ಹೇಳಿದೆ. ನಾನು ಹೇಳಿಕೊಡದೇ ಇದ್ದದ್ದನ್ನು ಹೇಳಿಕೊಟ್ಟೆ ಎಂದರೆ, ಆ ಉತ್ತರ ನನ್ನದಾಗುತ್ತದೆ, ತಪ್ಪು ಪಾಠವೆಂದು ಮೂಲೆಗೆ ಹೋಗುತ್ತದೆ, ಅವರು ಯೋಚಿಸಿದ್ದರು ಎಂಬುದೇ ಅಳಿಸಿಹೋಗುತ್ತದೆ. ಪ್ರಾಂಶುಪಾಲರು, ಇದು ನಿಮ್ಮ ಹಟ ಮೇಡಂ, ನಾಳೆ ಮಕ್ಕಳ ವರ್ಷ ಹೋದರೆ ಯಾರು ಜವಾಬ್ದಾರಿ ಎಂದರು. ನಾನೇ ಎಂದೆ. ಹೇಳುವುದು ಸುಲಭ. ಆ ಇರುಳು ಕಣ್ಣು ಮುಚ್ಚಲಿಲ್ಲ, ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ವಿಚಾರಣೆ ಅದೇ ಬೀರಿನ ಕೋಣೆಯಲ್ಲಿ, ಮುಖ್ಯರು ಮತ್ತು ನಮ್ಮ ಪ್ರಾಂಶುಪಾಲರ ಮುಂದೆ ನಡೆಯಿತು. ಹುಡುಗಿಯರು ರೈಲಿನಲ್ಲಿ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದರು. ನಾನು ಒಳಗಿರಬಹುದು, ಮಾತಾಡುವಂತಿಲ್ಲ, ತಲೆ ಅಲ್ಲಾಡಿಸುವಂತೆಯೂ ಇಲ್ಲ. ಮೈಸೂರು ಮೈನ್ಸಿನ ಹುಡುಗಿಯನ್ನು ಮೊದಲು ಕರೆದರು. ಅವಳು ಅತ್ತಳು, ಅಷ್ಟೇ. ಎರಡನೆಯವಳು ಯಾರೂ ಏಳ್ಕೊಟ್ಟಿಲ್ಲ ಸಾರ್ ಎಂಬುದನ್ನೇ ಎಲ್ಲ ಪ್ರಶ್ನೆಗೂ ಹೇಳಿದಳು. ಹೇಳಿದಷ್ಟೂ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಮೂರನೆಯವಳು ಕ್ಯಾಸಂಬಳ್ಳಿಯವಳು, ವೈರಾಗ್ಯ ಬರೆದಿದ್ದವಳು. ಪಕ್ಕದವಳು ನಕಲು ಮಾಡಿದಳೇ ಎಂದು ಅವಳನ್ನು ಸಾಕ್ಷಿಯಾಗಿ ಕೇಳಿದರು.

"ಅವಳೆಲ್ಲಿ ಸಾರ್, ನಾನೇ ಅವಳ್ದು ನೋಡಾನ ಅಂತ ಇಣುಕಿದ್ದೆ. ಕೈ ಅಡ್ಡ ಇಟ್ಕಂಡ್ಲು, ತೋರಿಸ್ನೇ ಇಲ್ಲ," ಎಂದಳು. ಹೇಳಿದ ಮೇಲೆ ತಾನೇನು ಒಪ್ಪಿಕೊಂಡೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಮುಖ್ಯರು ಅದನ್ನು ಬರೆದುಕೊಳ್ಳಲಿಲ್ಲ. ಒಳ್ಳೆಯವರು.

ಆಮೇಲೆ ಬಂದವಳು ಕೋರಮಂಡಲ್ ಹುಡುಗಿ. ಮನೆಯಲ್ಲಿ ತಮಿಳು ಮಾತಾಡುವವಳು, ಕನ್ನಡ ಬರೆಯುವಾಗ ಅಕ್ಷರಗಳನ್ನು ಒತ್ತಿ ಒತ್ತಿ ಬರೆಯುವವಳು. ಬಿ.ಎಡ್. ಮಾಡಬೇಕೆಂದು ಹಟ ಹಿಡಿದಿದ್ದಳು. ಪದ್ಯದಲ್ಲಿ ನೆಲ ನಡುಗುವ ಮಾತೇ ಇಲ್ಲವಲ್ಲಮ್ಮ, ನಿನಗೆ ಎಲ್ಲಿಂದ ಬಂತು ಎಂದು ಮುಖ್ಯರು ಕೇಳಿದರು. ಪ್ರಶ್ನೆ ಅರ್ಥವಾಗದವಳ ಹಾಗೆ ಅವಳು ಹುಬ್ಬು ಗಂಟಿಕ್ಕಿದಳು.

"ಪಾತ್ರೆ ಇಳಸ್ತಾಳೆ ಅಂತ ಐತಲ್ಲ ಸಾರ್."

"ಇದೆ. ಅದಕ್ಕೆ?"

"ಇನ್ಯಾತಕ್ಕೆ ಇಳಸ್ತಾರೆ ಸಾರ್?"

ಅವಳು ಮುಖ್ಯರನ್ನು ನೋಡಿದಳು, ಪ್ರಾಂಶುಪಾಲರನ್ನು ನೋಡಿದಳು.

"ನಿಮ್ಮನೇಲಿ ಇಳಸಲ್ವಾ ಸಾರ್?"

ಇಬ್ಬರೂ ಇಲ್ಲ ಎಂದರು. ಅವಳು ನನ್ನ ಕಡೆ ತಿರುಗಿದಳು. ನಿಯಮ ಮರೆತು ನಾನೂ ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳ ಮುಖದಲ್ಲಿ ಮೂಡಿದ ಆಶ್ಚರ್ಯವನ್ನು ಯಾರೂ ಹೇಳಿಕೊಟ್ಟು ಮಾಡಿಸಲು ಆಗುವುದಿಲ್ಲ. ಲೋಕದಲ್ಲಿ ಪಾತ್ರೆ ಇಳಿಸದೆ ಮಲಗುವ ಮನೆಗಳೂ ಇವೆ ಎಂದು ಅವಳಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ.

ಆಮೇಲೆ ನಿಧಾನವಾಗಿ ಹೇಳಿದಳು. ಅವಳ ಪಾಟಿ, ಅಂದರೆ ಅಜ್ಜಿ, ದಿನಾ ಸಂಜೆ ಸ್ಟ್ಯಾಂಡಿನ ಮೇಲಿನ ಸಾಲಿನ ಪಾತ್ರೆಗಳನ್ನೆಲ್ಲ ಕೆಳಗೆ ಇಡುತ್ತಿದ್ದಳು. ತಾತ ಗಣಿಯೊಳಗೆ ಕೆಲಸಕ್ಕಿದ್ದ ಕಾಲದಲ್ಲಿ ಕೆಳಗೆ ಬಂಡೆ ಸಿಡಿದಾಗ ಪಕ್ಕದ ಮನೆಯ ಮಗುವಿನ ಹಣೆಯ ಮೇಲೆ ಹಿತ್ತಾಳೆ ಚೊಂಬು ಬಿದ್ದಿತ್ತಂತೆ. ಪಾಟಿ ಹೋದ ಮೇಲೆ ಅಮ್ಮ ಇಳಿಸಿದಳು. ಈಗ ಇವಳು ಇಳಿಸುತ್ತಾಳೆ. ಲೈನಿನ ಎಷ್ಟೋ ಮನೆಗಳಲ್ಲಿ ಇದು ಕಸ ಗುಡಿಸಿ ದೀಪ ಹಚ್ಚಿದಂತೆ ಒಂದು ಸಂಜೆಗೆಲಸ. ಯಾರೂ ಕಾರಣ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಅದಕ್ಕೇ ತರಗತಿಯಲ್ಲಿ ನಾನು ವೈರಾಗ್ಯ ಎಂದಾಗ ಅವರು ಎದುರಾಡಿರಲಿಲ್ಲ. ಭಯದ ಮಾತು ಎಲ್ಲರಿಗೂ ಗೊತ್ತಿರುವುದೇ, ಮಿಸ್ ಅದರ ಮೇಲಿನ ಇನ್ನೊಂದು ಅರ್ಥ ಹೇಳುತ್ತಿದ್ದಾರೆ ಎಂದುಕೊಂಡಿದ್ದರು. ನಿಮ್ಮ ಮಾತಿನಲ್ಲಿ ವಿವರಿಸಿ ಎಂದು ಪ್ರಶ್ನೆ ಬಂದಾಗ ತಮ್ಮ ಮಾತು ಬರೆದರು.

ಮುಖ್ಯರು ಪತ್ರಿಕೆಯ ಕೊನೆಯ ಪುಟ ತಿರುವಿದರು. ಭಯವಾದರೆ ಮುದುಕಿ ನಗುವುದೇಕೆ ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ. ಆ ಓದಿಗೆ ಒಗ್ಗದ ಸಾಲು ಅದೇ ಆಗಿತ್ತು, ನಾನೂ ಅಲ್ಲೇ ಸಿಕ್ಕಿಬಿದ್ದಿದ್ದೆ.

"ಇನ್ನ ಬೀಳಾದಿಕ್ಕೆ ಮೇಲೆ ಏನೂ ಇಲ್ವಲ್ಲ ಸಾರ್," ಎಂದಳು. "ಪಾಟೀನೂ ನಗ್ತಾ ಇದ್ಲು, ಎಲ್ಲಾ ಇಳಸಿದ್ಮೇಲೆ."

ನನಗೆ ಕಣ್ಣು ತುಂಬಿತು. ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಅವಳು ಭಯದ ದಾರಿಯಲ್ಲೇ ನಡೆದು ವೈರಾಗ್ಯದ ಮನೆ ಮುಟ್ಟಿದ್ದಳು. ನಾನು ಆ ಮನೆಯ ಹೆಸರನ್ನು ಮಾತ್ರ ಕರಿಹಲಗೆಯ ಮೇಲೆ ಬರೆದಿದ್ದೆ.

ನಕಲು ನಡೆದಿಲ್ಲ ಎಂದು ಮುಖ್ಯರು ಅಂದೇ ಬರೆದರು. ಹುಡುಗಿಯರು ಹೊರಗೆ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಒಳಗೇ ನಿಂತು, ಹಾಗಾದರೆ ಅಂಕ ಎಂದು ಕೇಳಿದೆ. ಅವರು ಮಾದರಿ ಉತ್ತರದ ಹಾಳೆಯ ಮೇಲೆ ಕೈಯಿಟ್ಟರು. ಕವಿ ಗಣಿ ಕಂಡವರಲ್ಲ, ಕವಿತೆಯಲ್ಲಿ ಗಣಿ ಇಲ್ಲ, ಇದನ್ನು ಕವಿತೆಯ ಆಶಯ ಎಂದು ಬರೆಯುವ ಅಧಿಕಾರ ತಮಗಿಲ್ಲ ಎಂದರು. ಬೆಳಗ್ಗೆ ಮತ್ತೆ ಏರಿಸುವ ಸಾಲಿಗೆ ಮಾದರಿ ಉತ್ತರದಲ್ಲಿ ಉತ್ತರವೇ ಇಲ್ಲವಲ್ಲ ಎಂದು ವಾದಿಸಿದೆ. ವಿಚಾರ ಸಂಕಿರಣದಲ್ಲಾದರೆ ನಿಮ್ಮ ಪರವಾಗಿ ನಾನೇ ಮಾತಾಡುತ್ತಿದ್ದೆ ಎಂದರು. ನನ್ನ ದನಿ ಏರಿತು.

"ಹಾಗಾದರೆ ನಿಮ್ಮ ಮಾತಿನಲ್ಲಿ ವಿವರಿಸಿ ಅಂತ ಯಾಕೆ ಕೇಳಿದಿರಿ ಸಾರ್?"

"ನಾನು ಕೇಳಲಿಲ್ಲಮ್ಮ. ನನ್ನ ಕೈಗೆ ಈ ಹಾಳೆ ಬಂತು. ಇದನ್ನು ದಾಟಿ ಒಂದು ಅಂಕ ಹಾಕೋದಕ್ಕೆ ನನಗೂ ಆಗಲ್ಲ."

ಬೀರಿನ ಹಿಂದಿನ ಕಿಟಕಿಯಿಂದ ಅಷ್ಟಿಷ್ಟು ಬೆಳಕು ಅವರ ಮೇಜಿಗೆ ಬೀಳುತ್ತಿತ್ತು. ಆ ಕೋಣೆಯಲ್ಲಿ ಸಿಕ್ಕಿಬಿದ್ದವಳು ನಾನೊಬ್ಬಳೇ ಅಲ್ಲ ಎಂದು ಆಗ ಕಂಡಿತು. ಭಾಷೆಗೆ, ಸಾಲುಗಳನ್ನು ಉದಾಹರಿಸಿದ್ದಕ್ಕೆ ಎಂದು ಹತ್ತಕ್ಕೆ ಮೂರು ಮೂರು ಅಂಕ ಹಾಕಿದರು. ಅವರಿಗೆ ಸಾಧ್ಯವಿದ್ದದ್ದು ಅಷ್ಟೇ.

ಆ ಮೂರು ಅಂಕದಿಂದಲೇ ಹೆಚ್ಚಿನವರು ದಾಟಿಕೊಂಡರು. ಕೋರಮಂಡಲ್ ಹುಡುಗಿ ದಾಟಲಿಲ್ಲ. ಉಳಿದ ವಿಷಯಗಳಲ್ಲೆಲ್ಲ ಒಳ್ಳೆಯ ಅಂಕ, ಕನ್ನಡದಲ್ಲಿ ಮಾತ್ರ ಸ್ವಲ್ಪಕ್ಕೆ ತಪ್ಪಿತು. ಎಲ್ಲರನ್ನೂ ಬಿಡಿಸಿದವಳೇ ಒಳಗೆ ಉಳಿದಳು. ಆ ವರ್ಷದ ಬಿ.ಎಡ್. ಪ್ರವೇಶ ಕೈಬಿಟ್ಟುಹೋಯಿತು.

ಫಲಿತಾಂಶ ಬಂದ ಮೇಲೆ ಅವಳು ಸ್ಟಾಫ್‌ರೂಮಿಗೆ ಬಂದಳು. ನನ್ನನ್ನು ಆ ವರ್ಷಕ್ಕೆ ಮತ್ತೆ ಕರೆದಿದ್ದರು, ಯಾಕೆಂದು ನಾನು ಕೇಳಲಿಲ್ಲ. ಅವಳಿಗೆ ಕುರ್ಚಿ ತೋರಿಸಿದೆ, ಕೂರಲಿಲ್ಲ. ಸಹಿಯ ವಿಷಯ ಅವಳ ಕಿವಿಗೂ ಬಿದ್ದಿತ್ತು.

"ನೀವು ಸೈನ್ ಹಾಕಿದ್ರೆ ನಾನ್ ಪಾಸ್ ಆಗ್ತಿದ್ನಾ ಮಿಸ್?"

ಆಗುತ್ತಿದ್ದೆ ಎಂದೆ. ಬೇರೆ ಏನು ಹೇಳಲಿ? ಅವಳಿಗಾಗಿ ಮಾಡಿದೆ ಎಂದುಕೊಂಡ ಕೆಲಸಕ್ಕೆ ದಂಡ ಕಟ್ಟಿದವಳು ಅವಳು. ನನ್ನ ಮೇಲೆ ಅವಳು ರೇಗಿದ್ದರೆ ಚೆನ್ನಾಗಿತ್ತು. ರೇಗಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

"ಮತ್ತೆ ಅದೇ ಪದ್ಯ ಬಂದ್ರೆ ಏನ್ ಬರೀಲಿ?"

ಎಷ್ಟೋ ಬ್ಯಾಚುಗಳಿಗೆ, ನಿಮಗೆ ಕಂಡದ್ದನ್ನು ಬರೆಯಿರಿ ಎಂದು ಹೇಳಿದವಳು ನಾನು. ಅವಳ ಮುಂದಿನ ವರ್ಷ ನನ್ನ ನಾಲಿಗೆಯ ಮೇಲಿತ್ತು. "ವೈರಾಗ್ಯ ಅಂತ ಬರಿ," ಎಂದೆ.

ಅವಳು ತಲೆಯಾಡಿಸಿದಳು. ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ಬಾಗಿಲವರೆಗೆ ಹೋಗಿ ನಿಂತಳು.

"ಅಂಗಂದ್ರೆ ಈ ಸಲಾನೇ ಮಿಸ್, ನಾನು ಕಾಪಿ ಒಡೀತಿರೋದು."

ಮರುಪರೀಕ್ಷೆಯಲ್ಲಿ ಅದೇ ಪದ್ಯ ಬಂತು. ಅವಳು ಪಾಸಾದಳು.